ಗಣಿತದ ಮೇಡಂ ಮುಖ್ಯಗುರು ಆದಾಗ

ಪ್ರಶ್ನೆ: ನನಗೀಗ 53 ವರ್ಷ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಭಾಲ್ಕಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ನನ್ನ ವಿಷಯದಲ್ಲಿ ಮಕ್ಕಳು ನಪಾಸಾಗುತ್ತಿದ್ದುದೇ ಕಡಿಮೆ. ಎರಡು ವರ್ಷದ ಹಿಂದೆ ಬಡ್ತಿ ಬಂದು ಬೀದರ್ ನಗರದ ಹಳೇ ಊರಿನ ಸರ್ಕಾರಿ ಪ್ರೌಢಶಾಲೆಗೆ ಮುಖ್ಯಗುರುವಾಗಿ ಬಂದೆ. ಈ ಸಲ ಎಸ್ಸೆಸ್ಸೆಲ್ಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸು. ಮುಖ್ಯಗುರುಗಳ ಸಭೆಯಲ್ಲಿ ಅಧಿಕಾರಿಗಳು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಕೇಳಿದರು, ಆಮೇಲೆ ನೋಟಿಸೂ ಬಂತು. ಬೆಳಿಗ್ಗೆಯ ವಿಶೇಷ ತರಗತಿಯನ್ನೂ ಸಂಜೆಯದನ್ನೂ ನಾನೇ ತೆಗೆದುಕೊಳ್ಳುತ್ತೇನೆ. ಇಬ್ಬರು ಹಿರಿಯ ಶಿಕ್ಷಕರು ಯಾವುದಕ್ಕೂ ಕೈಜೋಡಿಸುವುದಿಲ್ಲ. ಒಬ್ಬರು ನಗುತ್ತಲೇ, ‘ಮೇಡಂ, ನಿಮ್ಮಂಗ ಹುರುಪಿನಿಂದ ಬಂದವರು ಭಾಳ ಮಂದಿ ಹೋಗ್ಯಾರ್ರಿ’ ಅಂದರು. ನಮ್ಮ ಯಜಮಾನರು ಔರಾದ್‌ನಲ್ಲಿ ಇದ್ದಾರೆ. ಭಾನುವಾರ ಹೋದರೂ ಯಾರ ಜೊತೆಯೂ ಮಾತು ಬೇಡ ಅನಿಸುತ್ತದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮುಗಿಯಿತು, ಎದೆ ಬಿಗಿಯುತ್ತದೆ. ಬಡ್ತಿ ಬಿಟ್ಟು ಮತ್ತೆ ಗಣಿತ ಶಿಕ್ಷಕಿಯಾಗಿ ಹೋಗಿಬಿಡಲೇ?
– ಹೆಸರು ಬೇಡ, ಬೀದರ್

ಉತ್ತರ:

ಮೇಡಂ, ನಿಮ್ಮ ಪತ್ರ ಓದುತ್ತ ನಾನು ತಡೆದು ನಿಂತದ್ದು ಆ ಸಭೆಯ ಸಾಲಿನಲ್ಲಿ. ಜೊತೆಯವರೆಲ್ಲ ಕುಳಿತಿರುವಾಗ ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಶೇಕಡಾವಾರು ಓದಿಸುವುದು ಸಣ್ಣ ನೋವಲ್ಲ. ಅದೂ ಇಷ್ಟು ವರ್ಷ ತರಗತಿಯ ಎದುರು ನಿಂತು ಗೌರವ ಗಳಿಸಿದವರಿಗೆ. ಆ ಕೆಲವು ನಿಮಿಷ ಈಗಲೂ ಮುಗಿದಿಲ್ಲ, ನಿಮ್ಮ ಮಧ್ಯರಾತ್ರಿಗಳಲ್ಲಿ ನಡೆದೇ ಇದೆ. ನಿಮಗೆ ಆಗಿರುವುದು ಅವಮಾನ. ಒಪ್ಪಿಕೊಳ್ಳಲು ನಾಚಬೇಕಾದ್ದು ಏನೂ ಇಲ್ಲ.

ಇನ್ನೊಂದು ನೋವೂ ಇದೆ, ಅದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಭಾಲ್ಕಿಯಲ್ಲಿ ನಿಮಗೊಂದು ತರಗತಿ ಇತ್ತು. ಬೆಳಿಗ್ಗೆ ಒಳಗೆ ಹೋದರೆ ಏನು ಮಾಡಬೇಕೆಂದು ಗೊತ್ತಿತ್ತು. ವರ್ಷದ ಕೊನೆಗೆ ಮಗು ಲೆಕ್ಕ ಬಿಡಿಸಿದಾಗ ಅದರಲ್ಲಿ ನಿಮ್ಮ ಕೈ ಇದೆಯೆಂದು ಕಾಣುತ್ತಿತ್ತು. ಈಗ ದಿನ ಮುಗಿದಾಗ ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಏರಿಸಿದ ಮಾಹಿತಿ, ಬಿಸಿಯೂಟದ ಲೆಕ್ಕ, ಕಚೇರಿಗೆ ಕಳಿಸಿದ ವರದಿ ಮಾತ್ರ ಉಳಿಯುತ್ತದೆ. ಬಡ್ತಿಯೆಂದರೆ ಸಿಹಿ ಹಂಚುತ್ತಾರೆ, ಹಾರ ಹಾಕುತ್ತಾರೆ. ಅದರ ಜೊತೆಗೆ ಏನನ್ನೋ ಕಳೆದುಕೊಳ್ಳುತ್ತೇವೆಂದು ಯಾರೂ ಹೇಳುವುದಿಲ್ಲ. ಹೊಸದಾಗಿ ಮುಖ್ಯಗುರು, ಉಪಪ್ರಾಚಾರ್ಯ, ಪ್ರಾಚಾರ್ಯ ಆದವರು ಎಷ್ಟೋ ಮಂದಿ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತಾರೆ. ನೀವು ಒಬ್ಬರೇ ಅಲ್ಲ.

ಮೊದಲು ಆ ಅಂಕಿಯ ವಿಷಯ. ಎಸ್ಸೆಸ್ಸೆಲ್ಸಿಯ ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ 83.89 ಇತ್ತು. ಮರುವರ್ಷ, 2024ರಲ್ಲಿ, ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಕೆಟ್ಟುಹೋದರೇ? ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ನಕಲು ಕಷ್ಟವಾಯಿತು. ಮೊದಲೇ ಇದ್ದದ್ದು ಬೆಳಕಿಗೆ ಬಂತು, ಅಷ್ಟೆ. ನಿಮ್ಮ ಶಾಲೆಯ ಅಂಕಿಯಲ್ಲೂ ಹೀಗೆ ಹಲವು ವರ್ಷಗಳ ಬಾಕಿ ಸೇರಿದೆ. ಈ ಸಲ ಹತ್ತನೇ ತರಗತಿ ಬರೆದ ಮಗು ಎಂಟನೆಯದಕ್ಕೆ ಸೇರಿದಾಗ ನೀವು ಭಾಲ್ಕಿಯಲ್ಲಿದ್ದಿರಿ. ಆ ಮಗು ಎರಡನೆಯದರಲ್ಲಿ ಓದಲು ಕಲಿಯದೆ ಮುಂದಿನ ತರಗತಿಗೆ ಹೋದಾಗ ಈ ಶಾಲೆಯ ಹೆಸರೂ ನಿಮಗೆ ಗೊತ್ತಿರಲಿಲ್ಲ.

ಹಾಗೆಂದು ನಿಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುವುದು ನಿಜವಲ್ಲ. ಅಂಥ ಸಮಾಧಾನ ನಿಮಗೆ ಬೇಕಾಗಿಯೂ ಇಲ್ಲವೆಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಮೈಕೆಲ್ ರಟ್ಟರ್ ಎಂಬ ಮನೋವೈದ್ಯರು ಲಂಡನ್ ನಗರದ ಒಳಭಾಗದ ಹನ್ನೆರಡು ಪ್ರೌಢಶಾಲೆಗಳನ್ನು ಸಂಗಡಿಗರೊಂದಿಗೆ ವರ್ಷಗಟ್ಟಲೆ ಹಿಂಬಾಲಿಸಿ 1979ರಲ್ಲಿ ಒಂದು ಪುಸ್ತಕ ಬರೆದರು. ಮಕ್ಕಳ ಮನೆಯ ಹಿನ್ನೆಲೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದು ನೋಡಿದರು. ಆದರೂ ಶಾಲೆಯಿಂದ ಶಾಲೆಗೆ ಹಾಜರಾತಿ, ನಡತೆ, ಫಲಿತಾಂಶ ಬಹಳವೇ ಬೇರೆಯಾಗಿದ್ದವು. ಶಾಲೆಯೊಳಗೆ ದಿನ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಷ್ಟು ಬೆಲೆ ಇದೆ. ಆ ದಿನವನ್ನು ರೂಪಿಸುವುದರಲ್ಲಿ ಮುಖ್ಯಗುರುವಿನ ಪಾಲು ದೊಡ್ಡದು.

ಈಗ ಸ್ವಲ್ಪ ಕಠಿಣವಾದ ಮಾತು, ಬೇಸರಿಸಬೇಡಿ. ನೀವು ಮುಖ್ಯಗುರುವಿನ ಕುರ್ಚಿಯಲ್ಲಿ ಕೂತು ಇನ್ನೂ ಗಣಿತ ಶಿಕ್ಷಕಿಯಾಗಿಯೇ ಶಾಲೆ ನಡೆಸುತ್ತಿದ್ದೀರಿ. ಫಲಿತಾಂಶ ಕಡಿಮೆ ಎಂದಾಗ ನಿಮಗೆ ಗೊತ್ತಿರುವ ಒಂದೇ ಮದ್ದನ್ನು, ಇನ್ನೊಂದು ವಿಶೇಷ ತರಗತಿಯನ್ನು, ನೀವೇ ಕುಡಿಸಲು ಹೊರಟಿದ್ದೀರಿ. ಬೆಳಿಗ್ಗೆ ನೀವು, ಸಂಜೆ ನೀವು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಇದು ಬಂದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆರು ವಿಷಯಗಳ ಪರೀಕ್ಷೆಯನ್ನು ಒಬ್ಬ ಗಣಿತ ಮೇಡಂ ಹೊತ್ತುಕೊಂಡು ಹೋಗಲಾರರು. ಇನ್ನೊಂದು ತೊಂದರೆಯೂ ಇದೆ. ನೀವು ಎಲ್ಲವನ್ನೂ ಮೈಮೇಲೆ ಎಳೆದುಕೊಂಡಾಗ ಉಳಿದ ಶಿಕ್ಷಕರಿಗೆ ಕೇಳಿಸುವುದು ‘ನಿಮ್ಮಿಂದ ಆಗುವುದಿಲ್ಲ’ ಎಂದು. ನೀವು ಹಾಗೆ ಹೇಳಿರಲಾರಿರಿ. ಅವರಿಗೆ ಹಾಗೆ ಕೇಳಿಸುತ್ತಿರಬಹುದು.

ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಶಾಲಾ ನಾಯಕತ್ವದ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2008ರಲ್ಲಿ ಹೋಲಿಸಿ ನೋಡಿದರು. ಗುರಿ ಹಾಕುವುದು, ಸಂಪನ್ಮೂಲವನ್ನು ಸರಿಯಾಗಿ ಬಳಸುವುದು, ಶಿಸ್ತು ಕಾಯುವುದು, ಎಲ್ಲಕ್ಕೂ ಫಲವಿತ್ತು. ಎಲ್ಲಕ್ಕಿಂತ ಹೆಚ್ಚು ಫಲ ಕಂಡದ್ದು ಮುಖ್ಯಸ್ಥರು ಶಿಕ್ಷಕರ ಜೊತೆ ಕುಳಿತು ತಾವೂ ಕಲಿತ ಕಡೆ. ನಿಮ್ಮ ಮಟ್ಟಿಗೆ ಇದು ಒಳ್ಳೆಯ ಸುದ್ದಿ, ಏಕೆಂದರೆ ಕಲಿಕೆ ನಿಮಗೆ ಗೊತ್ತಿರುವ ಕೆಲಸ. ಕಚೇರಿ ಕಡತಗಳಂತೆ ಹೊಸದಲ್ಲ.

ಇಲ್ಲಿಂದಲೇ ಆರಂಭಿಸಿ. ನಪಾಸಾದವರು ಮತ್ತೆ ಬರೆಯುವ ಪರೀಕ್ಷೆ–2 ಮುಗಿದು ಹೊಸ ವರ್ಷ ಹತ್ತಿದ ಮೇಲೆ, ಸಂಜೆಯ ತರಗತಿಯನ್ನು ಬಿಟ್ಟುಬಿಡಿ. ಬೆಳಗಿನದರಲ್ಲಿ ಗಣಿತದ ದಿನಗಳನ್ನು ಮಾತ್ರ ಇಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ವಾರಕ್ಕೆ ಎರಡು ಸಲ ಸಹೋದ್ಯೋಗಿಗಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿ. ಅದಕ್ಕೂ ಮೊದಲು ಅವರನ್ನು ನಿಮ್ಮ ಗಣಿತದ ತರಗತಿಗೆ ಕರೆಯಿರಿ, ಈ ಅನುಕ್ರಮ ಮುಖ್ಯ. ‘ಎಂಟನೆಯದರ ಮಕ್ಕಳು ಭಿನ್ನರಾಶಿಯಲ್ಲಿ ಎಲ್ಲಿ ಕಳೆದುಹೋಗುತ್ತಾರೆ ಅಂತ ನನಗೆ ತಿಳಿಯುತ್ತಿಲ್ಲ, ಬಂದು ನೋಡ್ರಿ’ ಎಂದು ನಿಜವಾಗಿಯೂ ಕೇಳಿ. ಆಮೇಲೆ ನೀವು ಅವರ ತರಗತಿಗೆ ಹೋಗುವಾಗ ಸಂದರ್ಶನ ಪುಸ್ತಕ ಒಯ್ಯಬೇಡಿ. ನಮ್ಮಲ್ಲಿ ಮೇಲಿನವರು ತರಗತಿಗೆ ಬಂದರೆಂದರೆ ಪಾಠ ಟಿಪ್ಪಣಿ ತಪಾಸಣೆಯೆಂದೇ ಅರ್ಥ, ಆ ಭಯ ಒಂದೆರಡು ತಿಂಗಳಲ್ಲಿ ಹೋಗುವುದಿಲ್ಲ. ಹೊರಗೆ ಬಂದ ಮೇಲೆ ಒಂದೇ ಪ್ರಶ್ನೆ ಸಾಕು: ‘ಕೊನೇ ಸಾಲಿನ ಆ ಹುಡುಗನಿಗೆ ಎಷ್ಟು ತಿಳಿದಿರಬಹುದು ಸರ್?’ ಮಾತು ಶಿಕ್ಷಕರ ಮೇಲಿರದೆ ಮಗುವಿನ ಮೇಲಿದ್ದರೆ ಅವರೂ ಮಾತಾಡುತ್ತಾರೆ.

ಆ ಇಬ್ಬರು ಹಿರಿಯರ ಬಗ್ಗೆ ಒಂದು ಮಾತು. ‘ನಿಮ್ಮಂಗ ಬಂದವರು ಭಾಳ ಮಂದಿ ಹೋಗ್ಯಾರ್ರಿ’ ಎಂಬ ಮಾತು ನಿಮಗೆ ಚುಚ್ಚಿದೆ, ಚುಚ್ಚಬೇಕಾದ್ದೇ. ಆದರೆ ಅದನ್ನು ಇನ್ನೊಮ್ಮೆ ಕೇಳಿ ನೋಡಿ. ಅದರಲ್ಲಿ ಅಸಡ್ಡೆಗಿಂತ ದಣಿವು ಹೆಚ್ಚಿದೆಯೆಂದು ನನಗೆ ಅನಿಸುತ್ತದೆ. ಒಬ್ಬ ಮುಖ್ಯಗುರು ಬಂದು ಒಂದು ಯೋಜನೆ ತರುತ್ತಾರೆ, ವರ್ಗವಾಗಿ ಹೋಗುತ್ತಾರೆ, ಇನ್ನೊಬ್ಬರು ಬಂದು ಅದನ್ನು ಅಳಿಸಿ ಮತ್ತೊಂದು ತರುತ್ತಾರೆ. ಅಲ್ಲೇ ಉಳಿದವರು ಏನನ್ನೂ ಪೂರ್ತಿ ನಂಬದಿರಲು ಕಲಿಯುತ್ತಾರೆ. ಷಿಕಾಗೋದ ಶಾಲೆಗಳನ್ನು ದೀರ್ಘಕಾಲ ಅಭ್ಯಸಿಸಿದ ಆ್ಯಂಟನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ ಎಂಬ ಸಂಶೋಧಕರು ಶಾಲೆ ಸುಧಾರಿಸಲು ದೊಡ್ಡವರ ನಡುವಿನ ನಂಬಿಕೆಯೇ ಆಧಾರವೆಂದು 2002ರಲ್ಲಿ ತೋರಿಸಿಕೊಟ್ಟರು. ನಂಬಿಕೆ ಭಾಷಣದಿಂದ ಬರುವುದಿಲ್ಲ. ಒಂದು ದಿನ ಬಿಡುವಿನಲ್ಲಿ ಆ ಸರ್ ಜೊತೆ ಚಹಾ ಕುಡಿಯುತ್ತ, ‘ಆ ಹೋದವರೊಳಗ ಯಾರ ಕಾಲದಾಗ ಶಾಲಿ ಛಲೋ ನಡೀತಿತ್ರಿ? ಅವರು ಏನು ಮಾಡ್ತಿದ್ರು?’ ಎಂದು ಕೇಳಿ. ಉತ್ತರ ಬಂದರೆ ಅದರಲ್ಲಿ ಒಂದನ್ನಾದರೂ ಆ ಸರ್ ಹೆಸರಿನಲ್ಲೇ ಜಾರಿಗೆ ತನ್ನಿ. ಕೇಳಿದರೂ ಕೈಜೋಡಿಸದಿದ್ದರೆ? ಆಗಲೂ ಅವರ ತರಗತಿಯ ಮಕ್ಕಳಿಗೆ ಪಾಠ ಸಿಗಲೇಬೇಕು. ಗಂಟೆ ಹೊಡೆದ ಮೇಲೆ ತರಗತಿಗೆ ಹೋಗದಿರುವುದನ್ನು ಸ್ನೇಹದ ಹೆಸರಿನಲ್ಲಿ ಸಹಿಸಬೇಡಿ. ಖಾಸಗಿಯಾಗಿ, ದನಿ ಏರಿಸದೆ, ದಿನಾಂಕ ಸಮೇತ ಹೇಳಿ. ನಿಮ್ಮನ್ನು ಸಭೆಯಲ್ಲಿ ನಿಲ್ಲಿಸಿದ ಹಾಗೆ ಅವರನ್ನು ಸಿಬ್ಬಂದಿಯ ಎದುರು ನಿಲ್ಲಿಸಬೇಡಿ.

ಮಕ್ಕಳ ವಿಷಯದಲ್ಲಿ ನನ್ನ ಸಲಹೆ ನಿಮಗೆ ಉಲ್ಟಾ ಅನಿಸಬಹುದು. ಹತ್ತನೆಯದನ್ನು ನೋಡುವಷ್ಟೇ ಕಣ್ಣಿಟ್ಟು ಎಂಟನೆಯದನ್ನು ನೋಡಿ. ಪ್ರೌಢಶಾಲೆಯ ಮೊದಲ ವರ್ಷವೇ ಮುಂದಿನದನ್ನು ಬಹುಪಾಲು ನಿರ್ಧರಿಸುತ್ತದೆ. ಷಿಕಾಗೋದಲ್ಲೇ 2005ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆ ಮೊದಲ ವರ್ಷವನ್ನು ಹಳಿ ತಪ್ಪದೆ ಮುಗಿಸಿದ ಮಕ್ಕಳು ಶಾಲೆಯನ್ನು ಸಕಾಲಕ್ಕೆ ಪೂರೈಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು. ನಮ್ಮಲ್ಲಿ ಹಿಂದಿನ ಕಲಿಕೆಯನ್ನು ತುಂಬಿಕೊಡಬೇಕಾದ ಜೂನ್ ತಿಂಗಳ ಸೇತುಬಂಧ ಕಡತದಲ್ಲಿ ಮುಗಿದುಹೋಗುತ್ತದೆ, ಡಿಸೆಂಬರ್ ಬಂದಾಗ ಪಾಸಾಗುವಷ್ಟನ್ನು ಮಾತ್ರ ಕಲಿಸುವ ಪಾಸಿಂಗ್ ಪ್ಯಾಕೇಜ್ ಹುಡುಕುತ್ತೇವೆ. ಪಾಸಿಂಗ್ ಪ್ಯಾಕೇಜನ್ನು ನಾನು ಹೀಗಳೆಯುವುದಿಲ್ಲ, ಕೊನೇ ಗಳಿಗೆಯಲ್ಲಿ ಅದರಿಂದ ದಡ ಸೇರಿದ ಮಕ್ಕಳಿದ್ದಾರೆ. ಆದರೆ ಪ್ರತಿ ವರ್ಷವೂ ಕೊನೇ ಗಳಿಗೆಯೇ ಆದರೆ ಮುಖ್ಯಗುರುವಿಗೆ ನಿದ್ದೆ ಎಲ್ಲಿಂದ ಬರಬೇಕು?

ಈ ಜೂನ್‌ನಲ್ಲಿ ಎಂಟನೆಯದಕ್ಕೆ ಬಂದ ಪ್ರತಿ ಮಗುವಿನ ಕೈಗೂ ಐದನೇ ತರಗತಿಯ ಪಠ್ಯದ ಒಂದು ಪುಟ ಕೊಟ್ಟು ಓದಿಸಿ. ದೈಹಿಕ ಶಿಕ್ಷಕರು, ಚಿತ್ರಕಲೆಯವರು, ನೀವು, ಎಲ್ಲರೂ ಮಕ್ಕಳನ್ನು ಹಂಚಿಕೊಂಡರೆ ಎರಡು ಮೂರು ದಿನದ ಕೆಲಸ. ಓದಲು ಬಾರದವರ ಸಂಖ್ಯೆಯನ್ನು ಬರೆಯಬೇಡಿ, ಹೆಸರುಗಳನ್ನು ಬರೆಯಿರಿ. ಆ ಮಕ್ಕಳಿಗೆ ಮೊದಲ ಎರಡು ಮೂರು ತಿಂಗಳು ದಿನಕ್ಕೊಂದು ಅವಧಿ ಓದುವುದು, ಬರೆಯುವುದು, ಕೂಡುವುದು, ಕಳೆಯುವುದು. ಇಲಾಖೆಯ ಪರಿಹಾರ ಬೋಧನೆಯ ಕಾರ್ಯಕ್ರಮವಾದ ಮರುಸಿಂಚನದ ಸಾಮಗ್ರಿ ಇದ್ದರೆ ಬಳಸಿ, ಅದಕ್ಕಾಗಿ ಕಾಯಬೇಡಿ.

ಈ ಪಟ್ಟಿ ಮಾಡುವಾಗ ಒಂದನ್ನು ಮರೆಯಬೇಡಿ. ಹಳೇ ಬೀದರ್‌ನ ಓಣಿಯ ಮಗು ಮನೆಯಲ್ಲಿ ದಖನಿ ಉರ್ದು ಆಡುತ್ತದೆ. ಔರಾದ್ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯ ಮನೆಮಾತು ಮರಾಠಿಯೋ ಲಂಬಾಣಿಯೋ ಇರುತ್ತದೆ. ಕೆಲವರು ಏಳನೆಯದರವರೆಗೆ ಉರ್ದು ಅಥವಾ ಮರಾಠಿ ಮಾಧ್ಯಮದಲ್ಲಿ ಓದಿ ನಿಮ್ಮ ಕನ್ನಡ ಮಾಧ್ಯಮಕ್ಕೆ ಬಂದಿರುತ್ತಾರೆ. ಅಂಥ ಮಗು ತರಗತಿಯಲ್ಲಿ ಸುಮ್ಮನೆ ಕೂತಿದ್ದರೆ ಅದು ದಡ್ಡತನವಲ್ಲ. ಭಾಲ್ಕಿಯಲ್ಲಿ ಇಷ್ಟು ವರ್ಷ ಇದ್ದ ನಿಮಗೆ ಚನ್ನಬಸವ ಪಟ್ಟದ್ದೇವರ ಕಥೆ ಹೇಳಬೇಕಾಗಿಲ್ಲ. ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಮಠಕ್ಕೆ ಬಂದ ಅವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಮನೆಯ ಮಾತು ಶಾಲೆಯಲ್ಲಿ ಸಿಗದ ಮಗುವಿನ ಸಂಕಟ ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಈಗ ಬೋರ್ಡು ಕನ್ನಡದ್ದು, ಸಂಕಟ ಬೇರೆ ಮಕ್ಕಳದ್ದು. ತರಗತಿಯಲ್ಲಿ ಮೊದಲು ತನ್ನ ಮಾತಿನಲ್ಲಿ ಉತ್ತರ ಹೇಳಿ ಆಮೇಲೆ ಕನ್ನಡದಲ್ಲಿ ಹೇಳಲು ಬಿಡಿ. ಪಾಲಕರ ಸಭೆಯಲ್ಲಿ ನೀವೇ ನಾಲ್ಕು ಮಾತು ದಖನಿಯಲ್ಲಿ ಆಡಿ, ತಪ್ಪಾದರೆ ಅವರು ನಕ್ಕು ತಿದ್ದುತ್ತಾರೆ. ಎಸ್‌ಡಿಎಂಸಿಯ ಸದಸ್ಯರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಎಷ್ಟೋ ಕಡೆ ಸಹಿಗೆ ಮಾತ್ರ ಬರುತ್ತಾರೆ. ಅವರಿಗೆ ಒಂದೇ ಕೆಲಸ ಕೊಟ್ಟು ನೋಡಿ: ಎರಡು ದಿನ ಸತತ ಬಾರದ ಮಗುವಿನ ಮನೆಗೆ ಹೋಗಿ ಬರುವುದು.

ಬಾರದ ಮಕ್ಕಳಲ್ಲಿ ಕೆಲವರ ತಂದೆತಾಯಿ ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ, ಇಲ್ಲವೇ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋಗಿರುತ್ತಾರೆ. ಮಗುವನ್ನೂ ಕರೆದೊಯ್ಯುತ್ತಾರೆ, ಇಲ್ಲವೇ ಅಜ್ಜಿಯ ಬಳಿ ಬಿಡುತ್ತಾರೆ. ಹೋಗುವ ಮೊದಲೇ, ದಸರಾ ರಜೆಯ ಹೊತ್ತಿಗೆ, ಆ ಮನೆಗಳ ಜೊತೆ ಮಾತಾಡಿ ಹಾಸ್ಟೆಲಿನ ವ್ಯವಸ್ಥೆ ನೋಡಬಹುದು. ಜನವರಿಯಲ್ಲಿ ಹುಡುಕಿದರೆ ಮಗು ಸಿಗುವುದಿಲ್ಲ. ಹುಡುಗಿಯೊಬ್ಬಳು ದಿಢೀರನೆ ಬರುವುದು ನಿಲ್ಲಿಸಿ ಮದುವೆಯ ಮಾತು ಕಿವಿಗೆ ಬಿದ್ದರೆ ಒಬ್ಬರೇ ಹೋಗಿ ಜಗಳ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನಗರದಲ್ಲಿ ಪಾಲಕರು ನಿಮ್ಮನ್ನು ಖಾಸಗಿ ಶಾಲೆಗಳ ಜೊತೆ ಹೋಲಿಸುತ್ತಾರೆ. ಬೀದರ್‌ನಲ್ಲಿ ಆ ಹೋಲಿಕೆ ಇನ್ನೂ ಜೋರು, ಏಕೆಂದರೆ 1989ರಲ್ಲಿ ಸಣ್ಣದಾಗಿ ಶುರುವಾದ ಶಾಹೀನ್ ಶಿಕ್ಷಣ ಸಂಸ್ಥೆ ಇವತ್ತು ದೇಶದ ಬೇರೆ ಕಡೆಗಳಿಂದಲೂ ಮಕ್ಕಳನ್ನು ಕರೆತರುತ್ತದೆ. ಶುಲ್ಕ, ವಸತಿ, ಶಿಕ್ಷಕರ ನೇಮಕ ಎಲ್ಲ ಬೇರೆ ಇರುವ ಸಂಸ್ಥೆಯ ಜೊತೆ ನಿಮ್ಮನ್ನು ನೀವು ತೂಗಿಕೊಳ್ಳುವುದು ಅನ್ಯಾಯ. ಅಲ್ಲಿಂದ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು. ಮದರಸಾದಿಂದ ಬಂದ, ಗಣಿತ ವಿಜ್ಞಾನಗಳ ಪರಿಚಯವೇ ಇಲ್ಲದ ಮಕ್ಕಳನ್ನು ಅವರು ನೇರವಾಗಿ ತರಗತಿಗೆ ತಳ್ಳುವುದಿಲ್ಲ. ಮೊದಲು ಬೇರೆಯಾಗಿ ಕೂರಿಸಿ ಅಡಿಪಾಯ ಕಲಿಸುತ್ತಾರೆ. ಅದಕ್ಕೆ ಬೇಕಾದದ್ದು ಬಹುಪಾಲು ಸಮಯ ಮತ್ತು ಸಣ್ಣ ಗುಂಪು.

ನಪಾಸಾದ ಮಕ್ಕಳನ್ನು ಈಗಲೇ ಕೈಬಿಡಬೇಡಿ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಯಾರು ಎಷ್ಟು ವಿಷಯದಲ್ಲಿ ಉಳಿದಿದ್ದಾರೆ ನೋಡಿ, ಒಂದೆರಡರಲ್ಲಿ ಉಳಿದವರ ಮನೆಗೆ ವರ್ಗಶಿಕ್ಷಕರಿಂದ ಫೋನ್ ಮಾಡಿಸಿ. ಬಹಳ ಮಕ್ಕಳಿಗೆ ಇನ್ನೊಮ್ಮೆ ಬರೆಯಬಹುದೆಂಬುದೇ ಗೊತ್ತಿರುವುದಿಲ್ಲ, ಇಲ್ಲವೇ ಶಾಲೆಗೆ ಮುಖ ತೋರಿಸಲು ನಾಚಿಕೆ. ಆ ನಾಚಿಕೆ ಎಂಥದ್ದೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನೋಟಿಸಿಗೆ ಉತ್ತರ ಬರೆಯುವಾಗ ಕ್ಷಮೆಯನ್ನೂ ದೂರನ್ನೂ ತುಂಬಬೇಡಿ. ಒಂದು ಪುಟ ಸಾಕು. ಯಾವ ವಿಷಯದ ಹುದ್ದೆ ಎಷ್ಟು ತಿಂಗಳು ಖಾಲಿ ಇತ್ತು, ಅತಿಥಿ ಶಿಕ್ಷಕರು ಯಾವಾಗ ಬಂದರು, ದೀರ್ಘ ಗೈರಾದ ಮಕ್ಕಳೆಷ್ಟು, ಬರುವ ವರ್ಷ ಎಂಟನೆಯದರಲ್ಲಿ ಏನು ಮಾಡುತ್ತೀರಿ, ಅದಕ್ಕೆ ಇಲಾಖೆಯಿಂದ ಬೇಕಾದ ಒಂದೆರಡು ಸಹಾಯ ಯಾವುದು. ಕಳಿಸುವ ಮೊದಲು ನೀವು ನಂಬುವ ಇನ್ನೊಬ್ಬ ಮುಖ್ಯಗುರುವಿಗೆ ತೋರಿಸಿ. ಅದೇ ನೆಪದಲ್ಲಿ ಮಾತಿಗೊಬ್ಬರು ಸಿಗುತ್ತಾರೆ. ನಿಮ್ಮ ಹಾಗೆಯೇ ಅಂದು ಎದ್ದು ನಿಂತವರು ಇನ್ನೂ ಕೆಲವರು ಇದ್ದಿರಬೇಕು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಅವರ ಜೊತೆ ಕೂರುವುದು ಯಾವ ತರಬೇತಿಗೂ ಕಡಿಮೆಯಲ್ಲ. ತರಗತಿ ವೀಕ್ಷಣೆಯಲ್ಲಿ ನೆರವು ಬೇಕಾದರೆ ಶಿಕ್ಷಕರ ತರಬೇತಿ ಸಂಸ್ಥೆಯಾದ ಬೀದರ್‌ನ ಡಯಟ್‌ಗೆ ಕೇಳಿ, ಕೇಳುವುದು ಸೋಲಲ್ಲ.

ಇನ್ನು ನಿಮ್ಮ ಮೈ. ಎದೆ ಬಿಗಿಯುವುದನ್ನು ಬರೀ ಚಿಂತೆಯೆಂದು ತಳ್ಳಿಹಾಕಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ, ರಕ್ತದೊತ್ತಡ, ಇಸಿಜಿ ನೋಡಿಸಿ. ಹೃದಯಕ್ಕೆ ಏನೂ ಇಲ್ಲವೆಂದಾದರೂ, ವಾರಗಟ್ಟಲೆ ನಿದ್ದೆ ಕೆಟ್ಟು, ಮನೆಯವರ ಜೊತೆಯೂ ಮಾತು ಬೇಡವೆನಿಸುವುದಕ್ಕೆ ಚಿಕಿತ್ಸೆ ಇದೆ. ನಿಮ್ಮೂರಿನ ಬ್ರಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಅಲ್ಲಿ ಪರಿಚಿತರು ಸಿಕ್ಕಾರು ಎಂಬ ಮುಜುಗರವಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ರಾತ್ರಿ ಮೂರು ಗಂಟೆಗೂ ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಎಂದಾದರೂ ಸುಳಿದರೆ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಕರೆ ಮಾಡಿ, ಮನೆಯವರನ್ನು ಎಬ್ಬಿಸಿ. ಔರಾದ್‌ಗೆ ಹೋದಾಗ ಒಂದು ಭಾನುವಾರ ಯಜಮಾನರಿಗೆ ಸಭೆಯಲ್ಲಿ ನಡೆದದ್ದನ್ನು ಒಮ್ಮೆ ಪೂರ್ತಿ ಹೇಳಿ. ಪರಿಹಾರ ಕೇಳಬೇಡಿ, ಕೇಳಿಸಿಕೊಳ್ಳಲು ಮಾತ್ರ ಹೇಳಿ. ಗಂಡಸರು ಕೂಡಲೇ ಉಪಾಯ ಹೇಳಲು ಹೊರಡುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೊನೆಗೆ ನೀವು ಕೇಳಿದ ಪ್ರಶ್ನೆ, ವಾಪಸ್ ಹೋಗಲೇ ಎಂಬುದು. ಆ ಅರ್ಜಿಯನ್ನು ಈಗ ಬರೆಯಬೇಡಿ. ಫಲಿತಾಂಶ ಬಂದ ತಿಂಗಳಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ತೆಗೆದುಕೊಳ್ಳುವ ತೀರ್ಮಾನ ಅದಲ್ಲ. ಮೇಲೆ ಹೇಳಿದ್ದರಲ್ಲಿ ಎಲ್ಲವನ್ನೂ ಮಾಡಹೋಗಬೇಡಿ. ಎಂಟನೆಯದರ ಓದು ಮತ್ತು ಸಹೋದ್ಯೋಗಿಗಳ ತರಗತಿಯಲ್ಲಿ ಕೂರುವುದು, ಈ ಎರಡನ್ನೇ ಜೂನ್‌ನಿಂದ ಡಿಸೆಂಬರ್‌ವರೆಗೆ ನಡೆಸಿ. ಆ ಹೊತ್ತಿಗೆ ನಿದ್ದೆ ಮರಳಿದ್ದು, ಆದರೂ ತರಗತಿಯೇ ನಿಮ್ಮ ಜಾಗವೆಂದು ಅನಿಸಿದರೆ ಸೇವಾ ನಿಯಮ ಬಲ್ಲವರನ್ನು ಕಂಡು ಏನು ಅವಕಾಶವಿದೆ ಎಂದು ವಿಚಾರಿಸಿ. ಒಳ್ಳೆಯ ಗಣಿತ ಶಿಕ್ಷಕಿಯಾಗಿ ನಿವೃತ್ತರಾಗುವುದರಲ್ಲಿ ಕೀಳೇನೂ ಇಲ್ಲ. ಅಲ್ಲಿಯವರೆಗೆ ವಾರಕ್ಕೆ ನಾಲ್ಕು ಅವಧಿ ಗಣಿತವನ್ನು ನಿಮಗೇ ಇಟ್ಟುಕೊಳ್ಳಿ, ಎಂಟನೆಯದರಲ್ಲಿ.